ಪೆನ್ನಿನ ಟೋಪಿಯ ಮೇಲೆ ಯಾರ ಸಹಿ?

ಆಟಿ ತಿಂಗಳ ಒಂದು ಮಧ್ಯಾಹ್ನ, ಹಿಡಿದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ದುಬೈಯಿಂದ ರಜೆಗೆ ಬಂದಿದ್ದ ಗೆಳೆಯ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಒಂದು ಪೆಟ್ಟಿಗೆ ಬಿಚ್ಚಿದ. ಪೆಟ್ಟಿಗೆಯೇ ಹಳೆಯ ಕಾದಂಬರಿಯ ಹಾಗಿತ್ತು: ಬೆನ್ನಿಗೆ ಚಿನ್ನದ ಅಕ್ಷರ, ಪುಟ ಗುರುತಿಸಲು ರೇಷ್ಮೆಯ ಪಟ್ಟಿ, ರಟ್ಟು ತೆರೆದರೆ ಹಾಸಿಗೆಯ ಮೇಲೆ ಮಲಗಿದಂತೆ ಒಂದು ಇಂಕು ಪೆನ್ನು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಹೆಂಡತಿಗೆಂದು ತಂದದ್ದು. ಎರಡು ಶತಮಾನ ಹಿಂದಿನ ಪ್ರೇಮಕಥೆಯೊಂದರ ಹೆಸರನ್ನು ಹೊತ್ತಿದೆ. ಕಂಪನಿಯ ಹೆಸರು ಇಲ್ಲಿ ಬೇಡ.

ಹಿಂದಿನ ರಾತ್ರಿ ಪೆಟ್ಟಿಗೆ ತೋರಿಸಿದಾಗ ಹೆಂಡತಿ ನಕ್ಕು, "ಪೆನ್ನು ಸರಿ, ಪತ್ರ ಎಲ್ಲಿ?" ಎಂದು ಕೇಳಿದಳಂತೆ. ಇವನು ಮಾತು ಹಾರಿಸಿ ಮಲಗಿದ್ದಾನೆ. ಈಗ ನನ್ನೆದುರು ಟೋಪಿ ತಿರುಗಿಸಿ ತೆಗೆದದ್ದೇ ತಡ, ಮೂರು ಬೆರಳು ನೀಲಿ. "ಲಕ್ಷ ರೂಪಾಯಿ ಕೊಟ್ಟಿದ್ದೇನೆ ಮಾರಾಯ. ಇದೂ ಇಂಕು ಕಾರುತ್ತದೆಯೇ?"

ಶಾಲೆಯ ದಿನಗಳಿಂದ ಇಂಕು ಪೆನ್ನು ಬಿಚ್ಚಿ ಜೋಡಿಸುವ ಚಟ ನನಗಿದೆ ಎಂಬ ಕಾರಣಕ್ಕೆ ಪೆನ್ನು ನನ್ನ ಕೈಗೆ ಬಂತು. ಹಳೆಯ ಪತ್ರಿಕೆ ಹಾಸಿ ಕುಳಿತೆ. ಪೆನ್ನಿನದು ಏನೂ ತಪ್ಪಿರಲಿಲ್ಲ.

ಇಂಕು ಪೆನ್ನಿನ ಒಳಗುಟ್ಟು ತಿಳಿಯಲು ನಮ್ಮೂರಿನವರಿಗೆ ಒಂದು ಗಿಂಡಿ ಸಾಕು. ಗಿಂಡಿಯಲ್ಲಿ ನೀರು ತುಂಬಿ, ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಬಗ್ಗಿಸಿ ನೋಡಿ. ಮೂತಿಯಿಂದ ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಅಂಗೈ ಕೊಂಚ ಸಡಿಲಿಸಿದರೆ ಧಾರೆ ಶುರು. ಒಳಗೆ ಗಾಳಿ ಹೋದಷ್ಟೇ ನೀರು ಹೊರಗೆ. ಪೆನ್ನಿನಲ್ಲಿ ಈ ಅಂಗೈಯ ಕೆಲಸ ಮಾಡುವುದು ನಿಬ್ಬಿನ ಕೆಳಗೆ ಅಂಟಿಕೊಂಡಿರುವ ಕಪ್ಪು ತುಂಡು, ನಾವು ಶಾಲೆಯಲ್ಲಿ ನಾಲಿಗೆ ಎನ್ನುತ್ತಿದ್ದದ್ದು. ಅದರಲ್ಲಿ ಕೂದಲೆಳೆಯಂಥ ಕಾಲುವೆ ಕೊರೆದಿರುತ್ತದೆ. ಇಂಕು ಹೊರಗೆ ಹೋಗುವ ದಾರಿಯಲ್ಲೇ ಗಾಳಿಯ ಗುಳ್ಳೆ ಒಳಗೆ ಬರುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ಹತೋಟಿಗೆ ತಂದು ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ. ನಿಬ್ಬಿನ ಸೀಳು ತುದಿಯತ್ತ ಹೋದಂತೆ ಕಿರಿದಾಗುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಇಂಕು ತಾನಾಗಿ ಕಿರಿದಾದ ಕಡೆಗೆ ಎಳೆದುಕೊಂಡು ಹೋಗಿ ತುದಿಯಲ್ಲಿ ಕಾಯುತ್ತದೆ. ಕಾಗದ ತಾಕಿದರೆ ಇಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಐದು ನೂರರ ಪೆನ್ನಿಗೂ ಐದು ಲಕ್ಷದ ಪೆನ್ನಿಗೂ ಇದೇ ಧರ್ಮ.

ಹಾಗಾದರೆ ಕಾರಿದ್ದೇಕೆ? ಅಂಗಡಿಯಲ್ಲಿ ಇಂಕು ತುಂಬಿ ಬರೆದು ತೋರಿಸಿದ್ದಾರೆ, ಉಳಿದ ಇಂಕಿನೊಡನೆ ಪೆನ್ನು ವಿಮಾನ ಹತ್ತಿದೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲೆ ಕುಳಿತ ಹಾಗೆ. ಅರ್ಧ ಖಾಲಿ ಪೆನ್ನಿನೊಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ನೂಕುತ್ತದೆ. ತುಂಬಿದ ಪೆನ್ನು ಅಥವಾ ಪೂರ್ತಿ ಖಾಲಿ ಪೆನ್ನು, ನಿಬ್ಬು ಮೇಲೆ ಮಾಡಿ ಇಟ್ಟರೆ, ಬಜ್ಪೆಯಲ್ಲಿ ಇಳಿಯುವಾಗ ಒಣಗಿಯೇ ಇರುತ್ತದೆ.

ನಿಬ್ಬನ್ನು ಬಟ್ಟೆಯಲ್ಲಿ ಒರೆಸಿದಾಗ 750 ಎಂಬ ಅಂಕೆ ಕಂಡಿತು. "ಚಿನ್ನವಲ್ಲವೇ?" ಎಂದ ಗೆಳೆಯ. ಚಿನ್ನವೇ. 916ರ ಲೆಕ್ಕ ಬಲ್ಲ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ: 750 ಎಂದರೆ 18 ಕ್ಯಾರೆಟ್, 585 ಎಂದರೆ 14. ಆದರೆ ನಿಬ್ಬಿನ ತೂಕ ಒಂದು ಗ್ರಾಮಿನ ಆಚೀಚೆ. ಕಿವಿಯ ಓಲೆಯೂ ಇದಕ್ಕಿಂತ ಭಾರ. ಅದಕ್ಕಿಂತ ಮುಖ್ಯವಾದ ಸಂಗತಿ, ಕಾಗದವನ್ನು ಮುಟ್ಟುವುದು ಚಿನ್ನವಲ್ಲ. ಮೆದುವಾದ ಚಿನ್ನ ಕೆಲವೇ ತಿಂಗಳಲ್ಲಿ ಸವೆದುಹೋಗುತ್ತದೆ. ತುದಿಗೆ ಆಸ್ಮಿಯಂ, ರುಥೇನಿಯಂ, ಇರಿಡಿಯಂ ಮೊದಲಾದ ಗಡಸು ಲೋಹಗಳ ಮಿಶ್ರಣದ ಸಣ್ಣ ಮಣಿಯನ್ನು ಬೆಸೆದು, ಆಮೇಲೆ ಸೀಳು ಕೊಯ್ದು, ನಯ ಮಾಡುತ್ತಾರೆ. ಬರೆಯುವ ಸುಖವೆಲ್ಲ ಆ ಸಾಸಿವೆಗಿಂತ ಸಣ್ಣ ಮಣಿಯನ್ನು ಉಜ್ಜಿದವನ ಕೈಚಳಕ. ಚಿನ್ನ ಬಂದದ್ದು ಐಶ್ವರ್ಯ ತೋರಿಸಲು ಅಲ್ಲ. ಹಳೆಯ ಕಾಲದ ಹುಳಿ ಇಂಕು ಉಕ್ಕನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ತಿನ್ನಲಾಗುತ್ತಿರಲಿಲ್ಲ ಎಂಬ ಕಾರಣಕ್ಕೆ.

ಇನ್ನು ಕಾದಂಬರಿಯ ವಿಷಯ. ಸಾಹಿತಿಗಳ ಹೆಸರಿನ ಪೆನ್ನುಗಳಿಗೆ ದೊಡ್ಡ ಮಾರುಕಟ್ಟೆ ಇದೆ ಎಂದು ತೋರಿಸಿಕೊಟ್ಟದ್ದು ಜರ್ಮನಿಯ ಮಾಂಟ್‌ಬ್ಲಾಂಕ್. 1992ರಲ್ಲಿ ಹೆಮಿಂಗ್ವೇ ಹೆಸರಿನಿಂದ ಶುರುವಾದ ಅದರ ಲೇಖಕರ ಸರಣಿಯಲ್ಲಿ ವರ್ಷಕ್ಕೊಬ್ಬ ಲೇಖಕ. ಮರುವರ್ಷ ಅಗಾಥಾ ಕ್ರಿಸ್ಟಿಯ ಸರದಿ. ಕಿಸೆಗೆ ಸಿಕ್ಕಿಸುವ ಕ್ಲಿಪ್ಪೇ ಕೆಂಪು ಕಲ್ಲಿನ ಕಣ್ಣುಳ್ಳ ಬೆಳ್ಳಿಯ ಹಾವು. ಷೇಕ್ಸ್‌ಪಿಯರ್, ಟಾಲ್‌ಸ್ಟಾಯ್, ವಿಕ್ಟರ್ ಹ್ಯೂಗೋ ಎಲ್ಲರೂ ಬಂದು ಹೋಗಿ, 2024ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬಂದಳು. ಪುಸ್ತಕವೊಂದನ್ನು ಪೆನ್ನಾಗಿಸುವ ದಾರಿಗಳು ಬಹಳ ಇಲ್ಲ. ಒಂದು, ಮೈಮೇಲೆ ಚಿತ್ರ ಕೊರೆಯುವುದು: ಹೂಬಳ್ಳಿ, ಕಿಟಕಿ, ಗೋಪುರ. ಇನ್ನೊಂದು, ಬಣ್ಣ ಮತ್ತು ವಸ್ತುವಿನಿಂದ ಕಾಲವನ್ನು ನೆನಪಿಸುವುದು. ಮೂರನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ದುಬಾರಿಯೂ ಹೌದು: ಲೇಖಕನ ಸಹಿಯನ್ನು ಟೋಪಿಯ ಮೇಲೆ ಕೆತ್ತುವುದು.

ಸಹಿಯ ಬಗ್ಗೆ ನನ್ನದೊಂದು ತಕರಾರಿದೆ. ಅದಕ್ಕೆ ಮೊದಲು ಆಸ್ಟಿನ್ ಕಾಲದ ಲೇಖನಿ ಹೇಗಿತ್ತೆಂದು ನೋಡೋಣ.

ಆಕೆ ತೀರಿಕೊಂಡದ್ದು 1817ರಲ್ಲಿ. ಬಳಕೆಗೆ ಬರುವಂಥ ಇಂಕು ಪೆನ್ನು ಹುಟ್ಟಲು ಇನ್ನೂ ಅರುವತ್ತೇಳು ವರ್ಷ ಬೇಕಿತ್ತು. ಚಾಟನ್ ಎಂಬ ಹಳ್ಳಿಯ ಮನೆಯಲ್ಲಿ ಹನ್ನೆರಡು ಮೂಲೆಯ ಪುಟ್ಟ ಮೇಜಿನ ಮೇಲೆ ಆಕೆ ಬರೆದದ್ದು ಹೆಬ್ಬಾತಿನ ಗರಿಯಿಂದ. ಗರಿಯ ತುದಿ ಬೇಗ ಮೊಂಡಾಗುತ್ತದೆ, ಚಿಕ್ಕ ಚಾಕುವಿನಿಂದ ಮತ್ತೆ ಮತ್ತೆ ಹೆರೆಯಬೇಕು. ಆ ಕಾಲದ ಶೃಂಗಾರಕ್ಕೆ ಈ ಹೆರೆಯುವಿಕೆಯೂ ಒಂದು ನೆಪ. ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯಲ್ಲಿ ಡಾರ್ಸಿ ತಂಗಿಗೆ ಪತ್ರ ಬರೆಯುತ್ತಿರುವಾಗ ಅವನ ಮೇಲೆ ಕಣ್ಣಿಟ್ಟ ಮಿಸ್ ಬಿಂಗ್ಲಿ, ನಿಮ್ಮ ಲೇಖನಿ ಹೆರೆದು ಕೊಡಲೇ, ನನಗೆ ಚೆನ್ನಾಗಿ ಬರುತ್ತದೆ ಎಂದು ಹತ್ತಿರ ಬರುತ್ತಾಳೆ. ನನ್ನದನ್ನು ನಾನೇ ಹೆರೆದುಕೊಳ್ಳುತ್ತೇನೆ ಎನ್ನುತ್ತಾನೆ ಆಸಾಮಿ. ಪ್ರೇಮ ನಿರಾಕರಣೆಗೆ ಇದಕ್ಕಿಂತ ಸಭ್ಯವಾದ ಉತ್ತರ ನನಗೆ ಗೊತ್ತಿಲ್ಲ.

ಇಂಕು ಮನೆಯಲ್ಲೇ ತಯಾರಾಗುತ್ತಿತ್ತು. ಆಸ್ಟಿನ್ ಜೊತೆ ಅದೇ ಮನೆಯಲ್ಲಿದ್ದ ಗೆಳತಿ ಮಾರ್ತಾ ಲಾಯ್ಡ್ ಅಡುಗೆಯ ವಿಧಾನಗಳನ್ನು ಬರೆದಿಟ್ಟ ಪುಸ್ತಕ ಉಳಿದುಬಂದಿದೆ, ಅದರಲ್ಲಿ ಇಂಕಿನ ಪಾಕವೂ ಇದೆ: ಮರದ ಮೇಲಿನ ಗಂಟುಕಾಯಿ, ಅನ್ನಭೇದಿ ಎಂಬ ಕಬ್ಬಿಣದ ಲವಣ, ಗೋಂದು, ಹಳಸಿದ ಬಿಯರ್, ಚೂರು ಸಕ್ಕರೆ, ಒಲೆಯ ಮೂಲೆಯಲ್ಲಿ ಹದಿನಾಲ್ಕು ದಿನ ಇಟ್ಟು ದಿನಕ್ಕೆರಡು ಮೂರು ಸಲ ಅಲುಗಾಡಿಸಬೇಕು. ನಮ್ಮ ಕಡೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನ ವಿದ್ಯೆ. ಒಗರೂ ಕಬ್ಬಿಣವೂ ಸೇರಿ ಗಾಳಿಗೆ ಒಡ್ಡಿಕೊಂಡಾಗ ಕಪ್ಪಾಗುತ್ತದೆ, ಕಾಗದಕ್ಕೆ ಕಚ್ಚಿಕೊಂಡರೆ ಬಿಡುವುದಿಲ್ಲ. ಆ ಮನೆಮದ್ದಿನ ಇಂಕನ್ನು ಇಂದಿನ ಪೆನ್ನಿಗೆ ತುಂಬಿದರೆ ನಾಲಿಗೆಯ ಕಾಲುವೆ ಕಟ್ಟಿಕೊಳ್ಳುವುದು ಖಂಡಿತ. ಅಂದರೆ ಆಸ್ಟಿನ್ ಹೆಸರಿನ ಪೆನ್ನಿನಲ್ಲಿ ಆಸ್ಟಿನ್ ಇಂಕನ್ನು ತುಂಬಿಸುವ ಹಾಗಿಲ್ಲ.

ಆಕೆಯ ಪೆನ್ನು ಮಾಡಲು ನನ್ನನ್ನು ಕೇಳಿದ್ದರೆ (ಯಾರೂ ಕೇಳುವುದಿಲ್ಲ) ಹೂಬಳ್ಳಿ ಬಿಟ್ಟು ‘ಪರ್ಸುಯೇಷನ್’ ಕಾದಂಬರಿಯ ಒಂದು ಸದ್ದನ್ನು ಹುಡುಕುತ್ತಿದ್ದೆ. ನಾಯಕಿ ಆ್ಯನ್ ಎಂಟು ವರ್ಷ ಹಿಂದೆ ಯಾರೊಡನೆ ಸಂಬಂಧ ಮುರಿದುಕೊಂಡಿದ್ದಳೋ ಆ ಕ್ಯಾಪ್ಟನ್ ವೆಂಟ್‌ವರ್ತ್ ಕೋಣೆಯ ಮೂಲೆಯ ಮೇಜಿನಲ್ಲಿ ಏನೋ ಬರೆಯುತ್ತಿದ್ದಾನೆ. ತುಸು ದೂರದಲ್ಲಿ ಆ್ಯನ್ ಇನ್ನೊಬ್ಬರೊಡನೆ ಚರ್ಚೆಗಿಳಿದಿದ್ದಾಳೆ: ಹೆಚ್ಚು ಕಾಲ ಪ್ರೀತಿಸುವವರು ಯಾರು, ಗಂಡೋ ಹೆಣ್ಣೋ? ಪುಸ್ತಕಗಳೆಲ್ಲ ಹೆಣ್ಣು ಚಂಚಲೆ ಎನ್ನುತ್ತವಲ್ಲ ಎಂದು ಎದುರಿನವನು ಅಂದರೆ, ಪುಸ್ತಕದ ಸಾಕ್ಷಿ ಬೇಡ, ಲೇಖನಿ ಇದ್ದದ್ದು ಗಂಡಸರ ಕೈಯಲ್ಲಿ ಎನ್ನುತ್ತಾಳೆ. ಮಾತಿನ ನಡುವೆ ಆ ಮೂಲೆಯಲ್ಲಿ ಚಿಕ್ಕದೊಂದು ಸದ್ದು. ಕ್ಯಾಪ್ಟನ್ನನ ಲೇಖನಿ ಕೆಳಗೆ ಬಿದ್ದಿದೆ. ಅವನು ಕೇಳಿಸಿಕೊಳ್ಳುತ್ತಿದ್ದ! ಆಮೇಲೆ ಅವನು ಬರೆದಿಟ್ಟು ಹೋಗುವ ಪತ್ರಕ್ಕಿಂತ ಆ ಬಿದ್ದ ಗರಿಯೇ ನನಗೆ ಹೆಚ್ಚು. ಲಕ್ಷ ರೂಪಾಯಿಯ ಪೆನ್ನು ಕೈತಪ್ಪಿ ಬಿದ್ದರೆ ಆಗುವ ಸದ್ದಿನಲ್ಲಿ ಪ್ರೇಮ ಇರುವುದಿಲ್ಲ, ನಿಬ್ಬು ಬದಲಿಸುವ ಖರ್ಚು ಮಾತ್ರ ಇರುತ್ತದೆ.

ಈಗ ಸಹಿಯ ತಕರಾರು. ಆಸ್ಟಿನ್ ಬದುಕಿದ್ದಾಗ ಪ್ರಕಟವಾದ ಅವಳ ಯಾವ ಕಾದಂಬರಿಯ ಮೇಲೂ ಅವಳ ಹೆಸರಿರಲಿಲ್ಲ. 1811ರ ಮೊದಲ ಪುಸ್ತಕದ ಮೇಲೆ ಇದ್ದದ್ದು ‘ಒಬ್ಬ ಮಹಿಳೆಯಿಂದ’ ಎಂದಷ್ಟೇ. 1813ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಹಕ್ಕನ್ನು 110 ಪೌಂಡಿಗೆ ಮಾರಿದಳು. ಹೆಸರು ಲೋಕಕ್ಕೆ ತಿಳಿದದ್ದು ತೀರಿಕೊಂಡ ಮೇಲೆ, ಅದೇ ‘ಪರ್ಸುಯೇಷನ್’ ಜೊತೆ ಅಣ್ಣ ಬರೆದ ಚಿಕ್ಕ ಪರಿಚಯದಲ್ಲಿ. ಬರೆದು ಹೆಸರು ಬಚ್ಚಿಟ್ಟವಳ ಹೆಸರೇ ಇಂದು ಮಾಲು.

ಸಹಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಪೆನ್ನಿನ ಲೋಕದಲ್ಲಿ ಒಂದು ಪ್ರಸಿದ್ಧ ಕಥೆಯಿದೆ. 1996ರಲ್ಲಿ ಮಾಂಟ್‌ಬ್ಲಾಂಕ್ ಅಲೆಕ್ಸಾಂಡರ್ ಡ್ಯೂಮಾ ಹೆಸರಿನ ಪೆನ್ನು ತಂದಿತು. ಗೌರವ ಸಲ್ಲಬೇಕಾದದ್ದು ಮೂವರು ಬಂಟರ ಸಾಹಸಕಥೆ ಬರೆದ ಅಪ್ಪ ಡ್ಯೂಮಾನಿಗೆ. ಆದರೆ ಮೊದಲ ಕಂತಿನ ಪೆನ್ನುಗಳ ಮೇಲೆ ಅದೇ ಹೆಸರಿನ ಮಗ ಡ್ಯೂಮಾನ ಸಹಿ ಬಿದ್ದಿತ್ತು. ತಪ್ಪು ಗೊತ್ತಾಗಿ ತಿದ್ದಿದರು; ಸಂಗ್ರಾಹಕರು ಮಾತ್ರ ಇಂದಿಗೂ ತಪ್ಪು ಸಹಿಯದ್ದನ್ನೇ ಹುಡುಕುತ್ತಾರೆ. ತಮಾಷೆಯೆಂದರೆ, ಪ್ರೇಮಸಾಹಿತ್ಯದ ಲೆಕ್ಕದಲ್ಲಿ ಆ ತಪ್ಪೇ ಸರಿ. ಕ್ಯಾಮೆಲಿಯಾ ಹೂವಿನ ಹೆಣ್ಣಿನ ದುರಂತ ಪ್ರೇಮವನ್ನು 1848ರಲ್ಲಿ ಬರೆದವನು ಮಗ. ವೆರ್ಡಿಯ ‘ಲಾ ಟ್ರಾವಿಯಾಟ’ ಸಂಗೀತ ನಾಟಕ ಹುಟ್ಟಿದ್ದು ಅದರಿಂದ.

ನಮ್ಮ ನೆರೆಯಲ್ಲಿ ಹೆಸರು ಮಾರುವ ಈ ವ್ಯವಹಾರ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2009ರಲ್ಲಿ ಅದೇ ಕಂಪನಿ ಗಾಂಧೀಜಿ ಹೆಸರಿನ ಪೆನ್ನು ತಂದಿತು, 11 ಲಕ್ಷ ರೂಪಾಯಿಗೂ ಮಿಕ್ಕ ಬೆಲೆ. ದಂಡಿ ಯಾತ್ರೆಯ 241 ಮೈಲಿಗೆ ಸರಿಯಾಗಿ 241 ಪೆನ್ನು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಮರುವರ್ಷ ಮಾರಾಟ ನಿಂತಿತು. ಸ್ವದೇಶಿ ಪೆನ್ನು ಮಾಡಿ ಕಳುಹಿಸಿದ ರಾಜಮಂಡ್ರಿಯ ಕೆ.ವಿ. ರತ್ನಂ ಅವರಿಗೆ 1935ರಲ್ಲಿ ಮೆಚ್ಚಿ ಕಾಗದ ಬರೆದವರೂ ಇದೇ ಗಾಂಧೀಜಿ.

ಆ 241ರಲ್ಲಿ ಬೆಲೆಯ ಗುಟ್ಟೂ ಇದೆ. ನಿಬ್ಬಿನ ಚಿನ್ನ, ರಾಳದ ಮೈ, ಕೆತ್ತನೆಯ ಕೂಲಿ ಎಲ್ಲ ಕೂಡಿಸಿದರೂ ಲಕ್ಷ ಆಗುವುದಿಲ್ಲ. ಉಳಿದದ್ದು ‘ಇಷ್ಟೇ ಇವೆ’ ಎಂಬ ಮಾತಿನ ಬೆಲೆ. ಪೆನ್ನಿನವರಿಗೆ ಸಂಖ್ಯೆಗಳ ಮೋಹ ಮೊದಲಿನಿಂದಲೂ ಇದೆ. ಮಾಂಟ್‌ಬ್ಲಾಂಕ್ ನಿಬ್ಬಿನ ಮೇಲೆ 4810 ಎಂದಿರುತ್ತದೆ, ಅದು ಆ ಹೆಸರಿನ ಪರ್ವತಕ್ಕೆ ವಾಡಿಕೆಯಲ್ಲಿ ಹೇಳುವ ಎತ್ತರ, ಮೀಟರಿನಲ್ಲಿ. ಜಪಾನಿನ ಪ್ಲಾಟಿನಂ ಕಂಪನಿಯ ಪೆನ್ನೊಂದರ ಹೆಸರೇ 3776, ಫ್ಯೂಜಿ ಪರ್ವತದ ಎತ್ತರ. ಕಥೆಯನ್ನು ಅಂಕೆಯಾಗಿಸಿ, ಅಂಕೆಯಷ್ಟೇ ಪೆನ್ನು ಮಾಡಿ ನಿಲ್ಲಿಸುವುದು ಈ ವ್ಯಾಪಾರದ ಜಾಣ್ಮೆ. ಇದನ್ನು ಮೋಸ ಎನ್ನಲಾರೆ. ನೂರು ರೂಪಾಯಿಯ ಗಡಿಯಾರವೂ ಸಮಯ ತೋರಿಸುತ್ತದೆ. ಆದರೆ ಲಕ್ಷ ಕೊಟ್ಟರೆ ಬರೆಹ ಹತ್ತು ಪಟ್ಟು ಚೆನ್ನಾಗಿ ಮೂಡುತ್ತದೆ ಎಂದುಕೊಂಡು ಕೊಂಡವನಿಗೆ ಮಾತ್ರ ಪೆನ್ನಿನ ಜೊತೆ ಬೇರೊಂದು ಟೋಪಿಯೂ ಸಿಗುತ್ತದೆ.

ದುಡಿಮೆಗೇ ಬೆಲೆ ತೆರುವ ಪೆನ್ನುಗಳೂ ಇವೆ. ಜಪಾನಿನ ಮಾಕಿಯೆ ಅಂಥದು. ಉರುಷಿ ಎಂಬ ಮರದ ಅಂಟಿನಿಂದ ಚಿತ್ರ ಬರೆದು, ಅದು ಹಸಿಯಾಗಿರುವಾಗಲೇ ಚಿನ್ನದ ಪುಡಿ ಉದುರಿಸಿ, ಪದರದ ಮೇಲೆ ಪದರ ಹಚ್ಚಿ ಉಜ್ಜುತ್ತಾರೆ. ಸಾವಿರ ವರ್ಷ ಹಿಂದೆ ಮುರಾಸಾಕಿ ಶಿಕಿಬು ಬರೆದ ಗೆಂಜಿಯ ಪ್ರೇಮಕಥೆಯ ದೃಶ್ಯಗಳು ಈ ಕಲೆಗೆ ಬಹಳ ಹಳೆಯ ವಸ್ತು. ನನಗೆ ಬೆರಗು ಹುಟ್ಟಿಸುವುದು ಬೇರೆ ಸಂಗತಿ: ಉರುಷಿ ಗಟ್ಟಿಯಾಗುವುದು ಒಣಹವೆಯಲ್ಲಿ ಅಲ್ಲ, ತೇವದಲ್ಲಿ. ಅದಕ್ಕೆಂದೇ ತೇವದ ಪೆಟ್ಟಿಗೆಯೊಳಗೆ ಇಟ್ಟು ಕಾಯುತ್ತಾರೆ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ಹಪ್ಪಳ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಉರುಷಿಗೆ ಮಾತ್ರ ಇದು ಹಬ್ಬ.

ಇಂಕಿಗೆ ಅಲ್ಲ. ಮಂಗಳೂರು ಉಡುಪಿಯ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿಯುತ್ತದೆ. ತೇವ ಕುಡಿದ ಹಾಳೆಯ ನಾರುಗಳ ಗುಂಟ ಇಂಕು ಹರಿದು ಗೆರೆಗೆ ಮೀಸೆ ಬರುತ್ತದೆ. ಅಗಲ ನಿಬ್ಬಾದರೆ ಇನ್ನೂ ಹೆಚ್ಚು. ಅದರ ಮೇಲೆ ನಮ್ಮ ಲಿಪಿಯ ಹಟ. ‘ಲಕ್ಷ್ಮೀ’ ಎಂದು ಬರೆದು ನೋಡಿ. ಕಕಾರದ ಕೆಳಗೆ ಷಕಾರದ ಒತ್ತು, ಅದಕ್ಕೆ ತಾಗಿ ಮಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಯುರೋಪಿನ ಮಧ್ಯಮ ನಿಬ್ಬಿನಲ್ಲಿ ಬರೆದರೆ ಒತ್ತುಗಳ ಹೊಟ್ಟೆಯೆಲ್ಲ ಇಂಕು ತುಂಬಿ ಒಂದೇ ಮುದ್ದೆ. ಗೆಳೆಯನ ಪೆನ್ನಿನದು ಆ ಮಧ್ಯಮ ನಿಬ್ಬೇ. ಕನ್ನಡದ ಸುರುಳಿಗಳಿಗೆ ತೆಳು ನಿಬ್ಬು ಬೇಕು. ಜಪಾನಿನವು ಸಾಮಾನ್ಯವಾಗಿ ಯುರೋಪಿನ ಅದೇ ಅಳತೆಗಿಂತ ಒಂದು ಮೆಟ್ಟಿಲು ತೆಳು. ಇಂಗ್ಲಿಷಿನ ಗರಿ ಬರೆಹದ ಅಂದ ದಪ್ಪ-ಸಣ್ಣ ಗೆರೆಗಳ ಏರಿಳಿತದಲ್ಲಿತ್ತು. ನಮ್ಮ ಅಕ್ಷರ ದುಂಡಗಾದದ್ದು ತಾಳೆಗರಿಯಿಂದ ಎನ್ನುತ್ತಾರೆ. ನೇರ ಗೆರೆ ಎಳೆದರೆ ಗರಿ ಸೀಳುತ್ತದೆಯಲ್ಲ. ಉಕ್ಕಿನ ಕಂಟದಿಂದ ಕೊರೆದು, ಮೇಲೆ ಮಸಿ ಒರೆಸಿ ಅಕ್ಷರ ಕಾಣಿಸುತ್ತಿದ್ದರು. ಇಂಕು ಕಾರುವ ಪ್ರಶ್ನೆಯೇ ಇರಲಿಲ್ಲ.

ನಮ್ಮ ಕಡೆಯ ಪ್ರೇಮಸಾಹಿತ್ಯಕ್ಕೆ ಪೆನ್ನು ಮಾಡುವುದಾದರೆ ಯಾರ ಹೆಸರು? ನನಗೆ ಅನುಮಾನವಿಲ್ಲ. ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ‘ಶ್ರೀರಾಮಾಶ್ವಮೇಧ’ದಲ್ಲಿ ರಾಮಕಥೆ ನೆನಪಿಲ್ಲದವರಿಗೂ ಮುದ್ದಣ-ಮನೋರಮೆಯರ ಸಲ್ಲಾಪ ನೆನಪಿರುತ್ತದೆ. ಮಳೆಗಾಲದಲ್ಲಿ ಬೇಸರ ಕಳೆಯಲು ಕಥೆ ಹೇಳೆನ್ನುತ್ತಾಳೆ ಹೆಂಡತಿ. ಪದ್ಯವೋ ಗದ್ಯವೋ ಎಂದರೆ "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ" ಎಂದು ಗಂಡನ ಪಾಂಡಿತ್ಯವನ್ನು ಒಂದೇ ಏಟಿಗೆ ಇಳಿಸುತ್ತಾಳೆ. ದಾಂಪತ್ಯದ ಈ ಕೀಟಲೆಗೆ ಸಮನಾದದ್ದು ಆಸ್ಟಿನ್ ಪುಟಗಳಲ್ಲೂ ಹೆಚ್ಚಿಲ್ಲ. ಅವನೂ ಹೆಸರು ಬಚ್ಚಿಟ್ಟವನೇ. ತನ್ನ ಕೃತಿಗಳನ್ನು ಯಾರೋ ಹಳೆಯ ಕವಿಯವೆಂದು ಹೇಳಿ ಮೈಸೂರಿಗೆ ಕಳುಹಿಸಿದ; ಕ್ಷಯ ಹಿಡಿದು 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡ. ಅವನ ಪೆನ್ನಿನ ಟೋಪಿಯ ಮೇಲೆ ಸಹಿ ಹಾಕಿದರೆ ಅವನ ಆಟ ಕೆಟ್ಟಂತೆ. ಸಹಿಯಿಲ್ಲದ, ಎಬೊನೈಟ್ ಎಂಬ ಗಡಸು ರಬ್ಬರಿನ ಕಪ್ಪು ಮೈ, ಒತ್ತಕ್ಷರ ತುಂಬಿಹೋಗದ ತೆಳು ನಿಬ್ಬು, ಹೆಸರು ಬೇಕೇ ಬೇಕೆಂದರೆ ಬಿಚ್ಚಿದಾಗ ಮಾತ್ರ ಕಾಣುವ ಹಾಗೆ ಒಳಗೆಲ್ಲೋ.

ಇಷ್ಟೆಲ್ಲ ಹೇಳುವಷ್ಟರಲ್ಲಿ ಪೆನ್ನು ತೊಳೆದಾಗಿತ್ತು. ಬಿಸಿನೀರು ಬೇಡ, ಸ್ಪಿರಿಟ್ ಬೇಡ. ಬಾವಿಯ ತಣ್ಣೀರನ್ನು ಎಳೆದು ಬಿಡುತ್ತ ಹತ್ತು ಸಲ, ನೀರು ತಿಳಿಯಾಗುವವರೆಗೆ. ಹಳೆಯ ಪಂಚೆಯ ಚೂರಿನ ಮೇಲೆ ನಿಬ್ಬು ಕೆಳಗೆ ಮಾಡಿ ಇಟ್ಟರೆ ಉಳಿದ ನೀರನ್ನು ಬಟ್ಟೆಯೇ ಹೀರುತ್ತದೆ. ಮತ್ತೆ ಇಂಕು ತುಂಬಿ ಗೆಳೆಯನ ಕೈಗೆ ಕೊಟ್ಟೆ.

ಅವನು ಹಾಳೆ ಕೇಳಿದ. ಮಗಳ ನೋಟ್ ಪುಸ್ತಕದಿಂದ ಒಂದು ಹರಿದು ಕೊಟ್ಟೆ, ಮುಟ್ಟಿದರೆ ತಣ್ಣಗಿತ್ತು. ಬಗ್ಗಿ ಕುಳಿತು ‘ಪ್ರಿಯ’ ಎಂದು ಬರೆದ. ಪಕಾರದ ಕೆಳಗಿನ ಒತ್ತು ಮೆಲ್ಲಗೆ ಹರಡಿ ಬೇರು ಬಿಟ್ಟಿತು. ಅದನ್ನೇ ನೋಡುತ್ತ ಪೆನ್ನು ಎತ್ತಿ ಹಿಡಿದು ಕುಳಿತ. ಮಾಡಿನಿಂದ ನೀರು ಧಾರೆಯಾಗಿ ಅಂಗಳಕ್ಕೆ ಬೀಳುತ್ತಿತ್ತು.

"ಮುಂದೆ?" ಎಂದೆ.

"ನೀನು ಸ್ವಲ್ಪ ಒಳಗೆ ಹೋಗು" ಎಂದ.